ಕಡಿಮೆ ಬೆಲೆಯಲ್ಲಿ ಒಳ್ಳೆಯ ಹಳೆಯ ಸೂಕ್ಷ್ಮದರ್ಶಕವನ್ನು ಆರಿಸುವ ಬಗೆ

ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ, ಪೆಟ್ಟಿಗೆಯ ಮೇಲೆ 1200 ಪಟ್ಟು ಎಂದು ಅಚ್ಚು ಹಾಕಿದ ಹೊಸ ಆಟಿಕೆಗಿಂತ, ಪ್ರಯೋಗಾಲಯವೊಂದು ವಿಲೇವಾರಿ ಮಾಡುತ್ತಿರುವ ಹಳೆಯ ಸೂಕ್ಷ್ಮದರ್ಶಕವನ್ನು ಹುಡುಕುವುದೇ ಲೇಸು. ಒಲಿಂಪಸ್ ಸಿಎಚ್‌-2, ನಿಕಾನ್ ಲ್ಯಾಬೊಫೋಟ್‌ಗಳಂತಹ ಮಾದರಿಗಳು ದಿನವಿಡೀ ದುಡಿಯಲೆಂದೇ ತಯಾರಾದವು. ಕಾಲೇಜುಗಳೂ ಆಸ್ಪತ್ರೆಗಳೂ ಹೊಸದನ್ನು ತರಿಸಿದಾಗ ಇಂಥವು ಹರಾಜಿಗೋ ಹಳೆಯ ಉಪಕರಣಗಳ ವ್ಯಾಪಾರಿಗಳ ಕೈಗೋ ಬರುತ್ತವೆ.

ಮೊದಲು ಓದಬೇಕಾದದ್ದು ನೋಡುವ ವಸ್ತುವಿನ ಕಡೆಗಿರುವ ಮಸೂರದ, ಅಂದರೆ ಆಬ್ಜೆಕ್ಟಿವ್‌ನ ಮೈಮೇಲೆ ಕೆತ್ತಿರುವ ಅಂಕಿಗಳನ್ನು. 40/0.65 ಎಂದಿದ್ದರೆ 40 ಎಂಬುದು ವರ್ಧನೆ, 0.65 ಎಂಬುದು ನ್ಯೂಮರಿಕಲ್ ಅಪರ್ಚರ್, ಅಂದರೆ ಮಸೂರವು ಎಷ್ಟು ಅಗಲದ ಬೆಳಕಿನ ಶಂಕುವನ್ನು ಒಳಗೊಳ್ಳುತ್ತದೆಂಬ ಅಳತೆ. ಸೂಕ್ಷ್ಮ ವಿವರಗಳು ಬಿಡಿಬಿಡಿಯಾಗಿ ಕಾಣುವುದು ಈ ಎರಡನೆಯ ಅಂಕಿಯ ಬಲದಿಂದ. ಅದರ ಸುಮಾರು 1000 ಪಟ್ಟಿನಾಚೆಗೆ, ಅಂದರೆ ಇಲ್ಲಿ 650ರಾಚೆಗೆ, ಎಷ್ಟು ಹಿಗ್ಗಿಸಿದರೂ ಬಿಂಬ ದೊಡ್ಡದಾದೀತೇ ಹೊರತು ಹೊಸದೇನೂ ಕಾಣದು. ಕೆಳಗಿನ ಸಾಲಿನಲ್ಲಿ 160/0.17 ಎಂದಿದ್ದರೆ ಆ ಆಬ್ಜೆಕ್ಟಿವ್ 160 ಮಿ.ಮೀ. ಉದ್ದದ ಕೊಳವೆಗೂ ಸ್ಲೈಡಿನ ಮೇಲೆ ಮುಚ್ಚುವ 0.17 ಮಿ.ಮೀ. ದಪ್ಪದ ಗಾಜಿನ ಕವರ್‌ಸ್ಲಿಪ್‌ಗೂ ಹೊಂದುವಂಥದ್ದು. 160ರ ಜಾಗದಲ್ಲಿ ಅನಂತದ ಚಿಹ್ನೆಯಿದ್ದರೆ ಅದರ ವ್ಯವಸ್ಥೆಯೇ ಬೇರೆ, ಎರಡನ್ನೂ ಬೆರೆಸಬಾರದು. ಬಣ್ಣದ ದೋಷವನ್ನು ತಿದ್ದುವ ಕೆಲಸದ ಒಂದು ಪಾಲನ್ನು ಕೆಲವು ತಯಾರಕರು ಕಣ್ಣಿಡುವ ಮಸೂರಕ್ಕೆ, ಅಂದರೆ ಐಪೀಸ್‌ಗೆ ವಹಿಸಿರುವುದರಿಂದ, ಐಪೀಸ್ ಕೂಡ ಅದೇ ತಯಾರಕರದ್ದಾಗಿದ್ದರೆ ಒಳ್ಳೆಯದು.

ಪರೀಕ್ಷೆಯಲ್ಲಿ ಅವಸರ ಬೇಡ. ಐಪೀಸನ್ನು ಹೊರತೆಗೆದು, ತಲೆಕೆಳಗಾಗಿ ಕಣ್ಣಿಗೆ ಹಿಡಿದರೆ ಅದೇ ಒಂದು ಭೂತಗನ್ನಡಿಯಾಗುತ್ತದೆ. ಅದರಿಂದ ಆಬ್ಜೆಕ್ಟಿವ್‌ನ ತುದಿಯ ಮಸೂರವನ್ನು ದೀಪದ ಬೆಳಕಿಗೆ ಓರೆಯಾಗಿಸುತ್ತ ನೋಡಿ. ಕಂದು ಬಣ್ಣದ ಪೊರೆ ಕಂಡರೆ ಅದು ಬಹುಪಾಲು ಒಣಗಿದ ಎಣ್ಣೆ. ಅದನ್ನು ಒರೆಸಿ ತೆಗೆಯಬಹುದು. ಗೀರು, ಒಳಗೆ ಹಬ್ಬಿದ ಬೂಷ್ಟಿನ ಎಳೆಗಳು, ಅಂಟಿಸಿದ ಮಸೂರಗಳು ಬಿಟ್ಟುಕೊಂಡಾಗ ಮೂಡುವ ಕಾಮನಬಿಲ್ಲಿನಂಥ ಕಲೆಗಳು ಕಂಡರೆ ಆ ಆಬ್ಜೆಕ್ಟಿವ್‌ಗೆ ಬೆಲೆ ಕಟ್ಟಲೇಬೇಡಿ.

ಆಮೇಲೆ ಸ್ಲೈಡೊಂದನ್ನಿಟ್ಟು, 40ರ ಆಬ್ಜೆಕ್ಟಿವ್‌ನಲ್ಲಿ ಫೋಕಸ್ ಮಾಡಿ, ಕೈತೆಗೆದು ಐದು ನಿಮಿಷ ಕಾಯಿರಿ. ಬಿಂಬ ತಾನಾಗಿಯೇ ಮಸುಕಾದರೆ ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ತನ್ನ ಭಾರಕ್ಕೆ ಕೆಳಗೆ ಜಾರುತ್ತಿದೆಯೆಂದು ಅರ್ಥ. ಹಲವು ಮಾದರಿಗಳಲ್ಲಿ ಇದನ್ನು ಬಿಗಿಮಾಡಲು ಒಂದು ಬಳೆಯಿರುತ್ತದೆ. ಫೋಕಸ್ ತಿರುಪು ಬಿಗಿಯಾಗಿದ್ದರೆ ಬಹುಶಃ ಹಳೆಯ ಗ್ರೀಸ್ ಗಟ್ಟಿಯಾಗಿರುತ್ತದೆ. ಬಲವಂತವಾಗಿ ತಿರುಗಿಸಿದರೆ ಹಲ್ಲುಚಕ್ರವೇ ಮುರಿದೀತು. ದೀಪ ಕೆಟ್ಟಿದ್ದರೆ ಚಿಂತೆಯಿಲ್ಲ, ಅದರ ಜಾಗಕ್ಕೆ ಎಲ್‌ಇಡಿ ಕೂಡಿಸಬಹುದು. ಆದರೆ ದೀಪದ ಬೆಳಕನ್ನು ಸ್ಲೈಡಿನ ಮೇಲೆ ಒಟ್ಟುಗೂಡಿಸುವ ಮಸೂರ, ಅಂದರೆ ಕಂಡೆನ್ಸರ್, ಇಲ್ಲದ್ದನ್ನು ಕೊಳ್ಳಬೇಡಿ.

ಕಣ್ಣಾರೆ ನೋಡಲಾಗದೆ ದೂರದಿಂದ ತರಿಸುವುದಾದರೆ, 40ರ ಆಬ್ಜೆಕ್ಟಿವ್‌ನಲ್ಲಿ ಐಪೀಸ್ ಮೂಲಕ ತೆಗೆದ ಚಿತ್ರವನ್ನು ಮೊದಲೇ ಕೇಳಿ ಪಡೆಯಿರಿ. ಕಳುಹಿಸುವ ಮುನ್ನ ಆಬ್ಜೆಕ್ಟಿವ್‌ಗಳನ್ನೂ ಐಪೀಸ್‌ಗಳನ್ನೂ ಬಿಚ್ಚಿ ಬೇರೆಬೇರೆಯಾಗಿ ಸುತ್ತಿಡುವಂತೆ ಮಾರುವವರಿಗೆ ಬರೆದೇ ತಿಳಿಸಿ.