ವಿಮಾನದ ಆಯಿಲ್ ಫಿಲ್ಟರ್ ಬದಲಿಸುವಾಗ ರಬ್ಬರಿನ ಮೇಲೆ ಕಣ್ಣಿರಲಿ

ನಮ್ಮೂರಿನ ಒಂದು ಹ್ಯಾಂಗರ್‌ನಲ್ಲಿ ವರ್ಷಗಳ ಹಿಂದೆ ನಾನು ಕಣ್ಣಾರೆ ಕಂಡದ್ದು ಇದು. ಆಯಿಲ್ ಬದಲಿಸಿದ ಸೆಸ್ನಾ 172 ಸ್ಟಾರ್ಟ್ ಆಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಎಂಜಿನ್ ಮುಚ್ಚುವ ಕೌಲಿಂಗ್ ಕೆಳಗಿನಿಂದ ಹೊಸ ಎಣ್ಣೆ ಧಾರೆಯಾಗಿ ಸುರಿಯಿತು. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ಗ್ಯಾಸ್ಕೆಟ್ ಎಂಜಿನ್‌ಗೇ ಅಂಟಿಕೊಂಡು ಉಳಿದಿತ್ತು. ಕೆಲಸ ಮಾಡಿದ ಹುಡುಗ ನೋಡದೆ ಅದರ ಮೇಲೇ ಹೊಸ ಫಿಲ್ಟರ್ ತಿರುಗಿಸಿದ್ದ. ಒಂದೇ ಎಂಜಿನ್ ಇರುವ ವಿಮಾನ. ಅದು ನೆಲದ ಮೇಲೆ ಸೋರಿತು ಎಂಬುದಷ್ಟೇ ಪುಣ್ಯ. ಆ ಮೇಲೂ ಇದೇ ತಪ್ಪನ್ನು ಬೇರೆ ಬೇರೆ ಕೈಗಳಲ್ಲಿ ಕಂಡಿದ್ದೇನೆ. ಅದಕ್ಕೇ ಈ ಬರಹ, ಮುಖ್ಯವಾಗಿ ಲೈಸೆನ್ಸ್ ಇರುವ ಎಂಜಿನಿಯರ್ ಕೈಕೆಳಗೆ ಕೆಲಸ ಕಲಿಯುತ್ತಿರುವವರಿಗೆ.

ಬಿಚ್ಚುವುದು

ಫಿಲ್ಟರ್ ಇರುವ ಲೈಕಮಿಂಗ್ ಕಂಪನಿಯ ಎಂಜಿನ್‌ಗೆ 50 ಗಂಟೆ ಹಾರಾಟ ಅಥವಾ 4 ತಿಂಗಳು, ಯಾವುದು ಮೊದಲೋ ಆಗ ಆಯಿಲ್, ಫಿಲ್ಟರ್ ಎರಡೂ ಬದಲಾಗಬೇಕು. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದ ಸ್ವಿಚ್ ಆಫ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿ. ಫಿಲ್ಟರ್ ಸಡಿಲವಾಗದಂತೆ ಕಟ್ಟಿರುವ ಸೇಫ್ಟಿ ವೈರ್ ಕತ್ತರಿಸಿ, ತುಂಡುಗಳನ್ನು ಎಣಿಸಿ ಎತ್ತಿಡಿ.

ಅನೇಕ ವಿಮಾನಗಳಲ್ಲಿ ಫಿಲ್ಟರ್ ಎಂಜಿನ್ ಹಿಂಬದಿಯಲ್ಲಿ ಅಡ್ಡಡ್ಡ ಕೂತಿರುತ್ತದೆ. ಸಡಿಲಿಸಿದ ಕೂಡಲೇ ಒಳಗಿನ ಎಣ್ಣೆ ಕೆಳಗಿನ ಭಾಗಗಳ ಮೇಲೆಲ್ಲ ಹರಿಯುತ್ತದೆ. ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಉದ್ದಕ್ಕೆ ಸೀಳಿ ದೋಣಿಯ ಹಾಗೆ ಅಡಿಗೆ ಹಿಡಿಯಿರಿ, ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಸ್ಪ್ಯಾನರನ್ನು ಫಿಲ್ಟರ್ ತುದಿಯ ಷಟ್ಕೋನಕ್ಕೇ ಹಾಕಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವುದು ಬೇಡ. ಡಬ್ಬಿ ಹರಿದರೆ ತಗಡಿನ ಚೂರು ಎಲ್ಲಿ ಹೋಗುತ್ತದೋ ಹೇಳಲಾಗದು.

ಕೂರಿಸುವುದು

ಇಲ್ಲಿ ಆತುರ ಬೇಡ. ಹಳೇ ಫಿಲ್ಟರನ್ನು ತಿರುಗಿಸಿ ಅದರ ಬಾಯಿ ನೋಡಿ. ರಬ್ಬರ್ ಉಂಗುರ ಅದರಲ್ಲೇ ಇದೆಯೇ? ಇಲ್ಲದಿದ್ದರೆ ಅದು ಎಂಜಿನ್ ಮೇಲಿದೆ. ಎಣ್ಣೆ ಬಳಿದ ಕಪ್ಪು ಮೇಲ್ಮೈಯಲ್ಲಿ ಕಪ್ಪು ರಬ್ಬರ್ ಕಣ್ಣಿಗೆ ಬೀಳುವುದಿಲ್ಲ. ಟಾರ್ಚ್ ಹಾಕಿ, ಬೆರಳಿನ ಉಗುರನ್ನು ಸುತ್ತಲೂ ಆಡಿಸಿ. ಮೆತ್ತಗೆ ತಡೆದರೆ ರಬ್ಬರ್ ಇದೆ ಎಂದೇ ಅರ್ಥ. ಆಮೇಲೆ ಎಳೆ ಬಿಡದ ಬಟ್ಟೆಯಿಂದ ಒರೆಸಿ. ಕಾಟನ್ ವೇಸ್ಟ್ ಮುಟ್ಟಬೇಡಿ. ಅದರ ಒಂದು ನೂಲು ಸಿಕ್ಕಿಕೊಂಡರೂ ಅಲ್ಲೇ ಎಣ್ಣೆ ಜಿನುಗುತ್ತದೆ.

ಹೊಸ ಫಿಲ್ಟರ್‌ನ ರಬ್ಬರಿಗೆ ಡಿಸಿ-4 ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಿಂದ ತೆಳ್ಳಗೆ, ಸುತ್ತಲೂ ಹೊಳೆಯುವಷ್ಟು ಮಾತ್ರ ಸವರಿ. ಎಂಜಿನ್ ಆಯಿಲ್ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿಸಿಗೆ ಅಂಥ ರಬ್ಬರ್ ಅಂಟಿಕೊಂಡು, ಮುಂದಿನ ಸಲ ಬಿಚ್ಚುವಾಗ ಎಂಜಿನ್ ಮೇಲೇ ಉಳಿಯುತ್ತದೆ, ಅಂದರೆ ಮೊದಲು ಹೇಳಿದ ಕಥೆಯೇ. ಇನ್ನು ಏನೂ ಸವರದಿದ್ದರೆ ರಬ್ಬರ್ ಎಳೆದಾಡುತ್ತದೆ: ಬಿಗಿತ ಅಳೆಯುವ ಟಾರ್ಕ್ ರೆಂಚ್ 'ಟಕ್' ಎಂದಿರುತ್ತದೆ, ಗ್ಯಾಸ್ಕೆಟ್ ಮಾತ್ರ ಸರಿಯಾಗಿ ಕೂತಿರುವುದಿಲ್ಲ.

ರಬ್ಬರ್ ಎಂಜಿನ್‌ಗೆ ತಾಗುವವರೆಗೆ ಬರಿಗೈಯಲ್ಲೇ ತಿರುಗಿಸಿ, ಕೊನೆಗೆ 16ರಿಂದ 18 ಫುಟ್-ಪೌಂಡ್‌ಗೆ ಬಿಗಿ ಮಾಡಿ. ಕೈಯಂದಾಜು ಬೇಡವೇ ಬೇಡ. ಜಾಗ ಸಾಲದೆ ರೆಂಚ್ ತುದಿಗೆ ಕ್ರೋಫುಟ್ ಎಂಬ ಸ್ಪ್ಯಾನರ್ ತಲೆ ಜೋಡಿಸಿದಾಗ ಲೆಕ್ಕ ತಪ್ಪುವವರೇ ಹೆಚ್ಚು. ರೆಂಚ್ 12 ಇಂಚು, ಅದೇ ನೇರಕ್ಕೆ ಜೋಡಣೆ 2 ಇಂಚು ಎಂದಾದರೆ ಉದ್ದ 14 ಆಯಿತು, ಅದೇ ಗುರುತಿಗೆ ಬಿಗಿತ ಹೆಚ್ಚಾಗುತ್ತದೆ. 17 ಬೇಕೆಂದರೆ 17ನ್ನು 12ರಿಂದ ಗುಣಿಸಿ 14ರಿಂದ ಭಾಗಿಸಿ, ಸುಮಾರು ಹದಿನಾಲ್ಕೂವರೆಗೆ ಇಡಿ. ಜೋಡಣೆಯನ್ನು 90 ಡಿಗ್ರಿಗೆ ತಿರುಗಿಸಿದರೆ ಈ ಗುಣಾಕಾರವೇ ಬೇಡ. ನಾನು ಸಾಧ್ಯವಾದಲ್ಲೆಲ್ಲ ಹಾಗೇ ಮಾಡುತ್ತೇನೆ.

ಸೇಫ್ಟಿ ವೈರ್ 0.032 ಇಂಚಿನದು. ಎರಡೆಳೆ ಹೊಸೆದು, ಫಿಲ್ಟರನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತೆ ಕಟ್ಟಿ. ತುದಿಯನ್ನು ಒಳಕ್ಕೆ ಮಡಚಿ, ಇಲ್ಲದಿದ್ದರೆ ಮುಂದೆ ಅಲ್ಲಿ ಕೈ ಹಾಕುವವರ ಬೆರಳು ಸೀಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಕಾರಿನ ಫಿಲ್ಟರ್ ನೋಡಲು ಹೀಗೇ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಅದರಲ್ಲಿ ವೈರ್ ಕಟ್ಟಲು ಕಿವಿಯಿಲ್ಲ, ಒತ್ತಡ ತಡೆಯುವ ಡಬ್ಬಿಯ ಗಟ್ಟಿತನ ವಿಮಾನಕ್ಕೆ ಪ್ರಮಾಣಿತವಲ್ಲ, ಜೊತೆಗೆ ದಾಖಲೆಪತ್ರವೂ ಇಲ್ಲ. ದಯವಿಟ್ಟು ಆ ಯೋಚನೆಯನ್ನೇ ಬಿಡಿ. ಕೈಜಾರಿ ಕೆಳಗೆ ಬಿದ್ದ ಹೊಸ ಫಿಲ್ಟರನ್ನೂ ಎಸೆದುಬಿಡಿ.

ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ರೂಪಿಸಿದ ಹಂಸ ಎಂಬ ಸಣ್ಣ ವಿಮಾನದಲ್ಲಿರುವ ರೋಟ್ಯಾಕ್ಸ್ ಎಂಜಿನ್‌ಗೆ ಈ ಕ್ರಮ ಹೊಂದದು. ರೋಟ್ಯಾಕ್ಸ್ 912, 914ರಲ್ಲಿ ರಬ್ಬರಿಗೆ ಎಂಜಿನ್ ಆಯಿಲ್ಲೇ ಸವರಬೇಕು, ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಯಾವ ಎಂಜಿನ್ ಮುಂದೆ ನಿಂತಿದ್ದೀರೋ ಅದರ ಮ್ಯಾನುಯಲ್ ತೆರೆದಿಟ್ಟುಕೊಂಡೇ ಕೆಲಸ ಮಾಡಿ.

ಓಡಿಸಿ ನೋಡುವುದು, ಕತ್ತರಿಸಿ ನೋಡುವುದು

ಎಣ್ಣೆ ತುಂಬಿ, ಸ್ಟಾರ್ಟ್ ಮಾಡಿ. 30 ಸೆಕೆಂಡ್‌ನೊಳಗೆ ಆಯಿಲ್ ಪ್ರೆಶರ್ ಮುಳ್ಳು ಏಳದಿದ್ದರೆ ತಕ್ಷಣ ನಿಲ್ಲಿಸಿ. ಎದ್ದರೆ ಕೆಲವು ನಿಮಿಷ ಓಡಿಸಿ, ಆಫ್ ಮಾಡಿ, ಫಿಲ್ಟರ್ ಬುಡವನ್ನು ಟಾರ್ಚ್‌ನಲ್ಲಿ ನೋಡಿ. ಹೊಸ ಫಿಲ್ಟರ್ ಒಂದಿಷ್ಟು ಎಣ್ಣೆ ಕುಡಿದಿರುತ್ತದೆ, ಮಟ್ಟ ಸರಿಪಡಿಸಿ.

ಹಳೇ ಫಿಲ್ಟರನ್ನು ಕತ್ತರಿಸದೆ ಎಸೆಯಬೇಡಿ. ಹ್ಯಾಕ್ಸಾ ಬಳಸಿದರೆ ಗರಗಸದ ಪುಡಿಯೇ ಎಂಜಿನ್ ಪುಡಿಯಂತೆ ಕಂಡು ದಾರಿ ತಪ್ಪಿಸುತ್ತದೆ. ಚಕ್ರದ ಕಟರ್ ಬೇಕು. ಒಳಗಿನ ಮಡಿಕೆ ಕಾಗದವನ್ನು ಕತ್ತರಿಸಿ, ಎಣ್ಣೆ ಹಿಂಡಿ, ಬಿಸಿಲಲ್ಲಿ ಹರಡಿ. ಕರೀ ಮಸಿ ಸಾಮಾನ್ಯ. ಹೊಳೆಯುವ ಚೂರು ಕಂಡರೆ ಆಯಸ್ಕಾಂತ ಹಿಡಿಯಿರಿ: ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಕಂಚು ಇರಬಹುದು. ಕಂಡದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆಸಿ, ಕಾಗದವನ್ನು ತಾರೀಖು ಹಾಕಿದ ಕವರಿನಲ್ಲಿ ಮುಂದಿನ ಬದಲಾವಣೆಯವರೆಗೆ ಇಟ್ಟಿರಿ. ಆಗ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಬಹುದು.