ಹಾಸ್ಟೆಲ್ ರೂಮಿಗೆ ಸ್ಪೀಕರ್ ತೆಗೊಳ್ಳುವವರಿಗೆ
ಕಾಸರಗೋಡಿನ ಪೆರಿಯದಲ್ಲಿ ಹಾಸ್ಟೆಲಿಗೆ ಸೇರಿದ ಮಕ್ಕಳು ಯಾವ ಸ್ಪೀಕರ್ ಒಳ್ಳೇದು ಅಂತ ಕೇಳ್ತಾ ಇದ್ರು, ನೋಡಿ ಮಾರಾಯ್ರೆ, ಹತ್ತಡಿ ರೂಮಿಗೆ ಸಬ್‌ವೂಫರ್ (ದಪ್ಪ ಶಬ್ದಕ್ಕೇ ಇರುವ ಸ್ಪೀಕರ್) ಬೇಡವೇ ಬೇಡ, ಆ ದಪ್ಪ ಶಬ್ದ, ಅಂದ್ರೆ ಬಾಸ್, ಗೋಡೆ ದಾಟಿ ಪಕ್ಕದ ರೂಮಿಗೆ ಹೋಗ್ತದೆ, ಮತ್ತೆ ಜಗಳ. ಸಣ್ಣ ಜೋಡಿ ಸ್ಪೀಕರ್ ಸಾಕು. ನಾನು ಮೊದಲು ಮೂಲೆಯಲ್ಲಿಟ್ಟಿದ್ದೆ, ಬರೀ ಗುಂಯ್ ಅಂತ, ಗೋಡೆಯಿಂದ ಒಂದು ಗೇಣು ಮುಂದೆ ತಂದು ಸ್ಪೀಕರಿನ ಅಡಿಯಲ್ಲಿ ಹಳೇ ಹವಾಯಿ ಚಪ್ಪಲಿಯ ತುಂಡು ಇಟ್ಟ ಮೇಲೆ ಹಾಡಿನ ಶಬ್ದ ಬಿಡಿಸಿ ಕೇಳ್ತು. ಡಬ್ಬದ ಮೇಲೆ ಪಿಎಂಪಿಒ (ಒಂದು ಕ್ಷಣಕ್ಕೆ ಬರ್ತದೆ ಅಂತ ಹೇಳುವ ಉಬ್ಬಿಸಿದ ಲೆಕ್ಕ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ರೆ ನಂಬಬೇಡಿ, ಆರ್‌ಎಂಎಸ್ (ಬಿಡದೆ ಕೊಡುವ ನಿಜವಾದ ಪವರ್) ಎಷ್ಟು ಕೇಳಿ, 5 ವ್ಯಾಟ್ ಆದ್ರೆ ಧಾರಾಳ. ಆಕ್ಸ್ (ವಯರ್ ಚುಚ್ಚುವ ತೂತು) ಇರ್ಲಿ, ಬ್ಲೂಟೂತಲ್ಲಿ ಗೇಮ್ ಆಡುವಾಗ ಸೌಂಡ್ ಹಿಂದೆ ಬೀಳ್ತದೆ. ರಾತ್ರಿಗೆ ವಯರಿನ ಇಯರ್‌ಫೋನ್, ಚಾರ್ಜಿನ ರಗಳೆ ಇಲ್ಲ, ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಕಥೆ ಗೊತ್ತುಂಟಲ್ಲ.