ಕಾಳುಮೆಣಸಿಗೆ ತರಗೆಲೆ ಹೊದಿಕೆ: ಬುಡದಲ್ಲಿ ಒಂದು ಗೇಣು ಬಿಡಿ

ಮಂಗಳೂರು, ಉಡುಪಿ ಕಡೆಯ ಅಡಿಕೆ ತೋಟಗಳಿಗೆ ಹೋದಾಗಲೆಲ್ಲ ಒಂದೇ ತಪ್ಪು ಕಣ್ಣಿಗೆ ಬೀಳುತ್ತದೆ. ಕಾಳುಮೆಣಸಿನ ಬಳ್ಳಿಯ ಬುಡಕ್ಕೇ ತರಗೆಲೆ ರಾಶಿ ಒತ್ತಿ ಇಟ್ಟಿರುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸವೇ. ಆದರೆ ಮಳೆಗಾಲದಲ್ಲಿ ಬಳ್ಳಿ ಕೊಳೆಯುತ್ತದೆ.

ಹೊದಿಕೆ ಹಾಕಬೇಕಾದದ್ದು ಮಳೆ ನಿಲ್ಲುವ ಹೊತ್ತಿಗೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ. ಮಣ್ಣಲ್ಲಿ ಇನ್ನೂ ಪಸೆ ಇರಬೇಕು. ಕಳೆಯನ್ನು ಕೈಯಲ್ಲಿ ಕೀಳಿ, ಇಲ್ಲವೇ ಕತ್ತಿಯಲ್ಲಿ ಸವರಿ. ಪಿಕ್ಕಾಸು ಬೇಡವೇ ಬೇಡ. ಮೆಣಸಿನ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಗಾಯವಾದರೆ ರೋಗ ಅಲ್ಲಿಂದಲೇ ಒಳಗೆ ಹೋಗುತ್ತದೆ. ಆಮೇಲೆ ಗೊಬ್ಬರ ಕೊಡಿ.

ಈಗ ಮುಖ್ಯ ಕೆಲಸ. ಬಳ್ಳಿಯ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಿ. ಅಲ್ಲಿಂದಾಚೆ ಎರಡು ಮೊಳದವರೆಗೆ ಉಂಗುರದ ಹಾಗೆ ಹರಡಿ. ಕೆಳಗೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಸೊಪ್ಪು, ಅದರ ಮೇಲೆ ತರಗೆಲೆ, ಗಾಳಿಗೆ ಹಾರದಂತೆ ಕಡಿದ ಅಡಿಕೆ ಸೋಗೆ. ಕೈಯಲ್ಲಿ ಒತ್ತಿದಾಗ ನಾಲ್ಕು ಬೆರಳು ದಪ್ಪ ಇದ್ದರೆ ಸಾಕು. ಇಳಿಜಾರಿನ ತೋಟದಲ್ಲಿ ಮೇಲ್ಬದಿಯ ಎಲೆ ಜಾರಿ ಬುಡಕ್ಕೆ ಬರುತ್ತದೆ, ಅಲ್ವಾ? ಅಲ್ಲಿ ಸೋಗೆಯ ದಂಟು ಅಡ್ಡ ಇಡಿ. ತಿಂಗಳಿಗೊಮ್ಮೆ ಬುಡ ಮುಟ್ಟಿ ನೋಡಿ. ಎಲೆ ತಾಗಿದ್ದರೆ ಸರಿಸಿ.

ಇಷ್ಟು ಹೇಳುವುದಕ್ಕೆ ಕಾರಣ ಸೊರಗು ರೋಗ. ಇದನ್ನು ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ಮಣ್ಣಲ್ಲೇ ಇರುತ್ತದೆ, ನೀರಲ್ಲಿ ಹರಡುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಒದ್ದೆ ಎಲೆ ಅಂಟಿಕೊಂಡ ಬುಡಕ್ಕೆ ಅದು ಹತ್ತಿದರೆ, ಚೆನ್ನಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಹೋಗುತ್ತದೆ.

ಮರದ ಹುಡಿ ಸುಲಭಕ್ಕೆ ಸಿಗುತ್ತದೆ ಎಂದು ತಂದು ಸುರಿಯಬೇಡಿ. ಹಸಿ ಹುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ತೆಂಗಿನ ನಾರಿನ ಹುಡಿಯಾದರೆ ಕಾಂಪೋಸ್ಟ್ ಆದದ್ದು ಮಾತ್ರ. ಈ ರೋಗ ತಡೆಯಲು ಮಣ್ಣಿಗೆ ಹಾಕುವ ಟ್ರೈಕೊಡರ್ಮದ ಪೊಟ್ಟಣದಲ್ಲಿ ತಯಾರಿಸಿದ ದಿನಾಂಕ ಇಲ್ಲದಿದ್ದರೆ ಸುಮ್ನೆ ವಾಪಸ್ ಕೊಡಿ. ಅದರಲ್ಲಿರುವುದು ಜೀವ ಇರುವ ಶಿಲೀಂಧ್ರ, ಹಳತಾದರೆ ಸಾಯುತ್ತದೆ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದಿನ ಜೊತೆ ಹಾಕಿದರೂ ಸಾಯುತ್ತದೆ.

ಮೇ ಕೊನೆಗೆ ಉಳಿದ ಹೊದಿಕೆಯನ್ನು ತೆಳ್ಳಗೆ ಹರಡಿ. ಪೂರ್ತಿ ತೆಗೆಯಬೇಡಿ, ಬರಿ ಮಣ್ಣಿಗೆ ಮಳೆ ಹನಿ ಬಡಿದರೆ ಕೆಸರು ಸಿಡಿದು ಕೆಳಗಿನ ಎಲೆಗೆ ರೋಗ ಹತ್ತುತ್ತದೆ. ನೆಲದಲ್ಲಿ ಹರಿದಾಡುವ ಹಬ್ಬುಬಳ್ಳಿ ಕತ್ತರಿಸಿ. ನೀರು ನಿಲ್ಲದಂತೆ ಕಣಿ ಬಿಡಿಸಿ. ಸೊರಗಿ ಸತ್ತ ಬಳ್ಳಿಯ ಎಲೆ, ತುಂಡು ಏನೂ ಹೊದಿಕೆಗೆ ಸೇರಬಾರದು. ಬೇರು ಸಮೇತ ತೆಗೆದು ತೋಟದ ಹೊರಗೆ ಸುಟ್ಟುಬಿಡಿ.